ಯಕೃತ್ತಿನ ಕ್ಯಾನ್ಸರ್: ಗುಣವಾಗುವುದಿಲ್ಲವೆಂದ ಮೇಲೆ ಯಾವ ಚಿಕಿತ್ಸೆ? ತಂದೆಯವರ ವಿಷಯದಲ್ಲಿ ಸಲಹೆ ಬೇಕು

ಮೂಡಿಗೆರೆಯ ಮಗ (ಅಕ್ಟೋಬರ್, ಮೊದಲ ವಾರ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 63 ವರ್ಷ. ಮೂಡಿಗೆರೆ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ಕಾಫಿ ತೋಟ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು, ಇಷ್ಟೇ ನಮ್ಮ ಆದಾಯ. ಕಳೆದ ಆಷಾಢದಿಂದ ಅವರಿಗೆ ಊಟ ಸೇರುತ್ತಿರಲಿಲ್ಲ. ಬಲ ಪಕ್ಕೆಯ ಕೆಳಗೆ ಭಾರವಾದಂತಾಗುತ್ತದೆ ಎನ್ನುತ್ತಿದ್ದರು. ಗ್ಯಾಸ್ಟ್ರಿಕ್ ಇರಬೇಕೆಂದು ಎರಡು ತಿಂಗಳು ಮಾತ್ರೆ ನುಂಗಿಸಿದೆವು. ಈಗ ಸಿ.ಟಿ. ಸ್ಕ್ಯಾನಿನಲ್ಲಿ ಯಕೃತ್ತಿನ ಎರಡೂ ಭಾಗಗಳಲ್ಲಿ ಗೆಡ್ಡೆಗಳಿವೆಯೆಂದೂ, ದೊಡ್ಡದು 7 ಸೆಂಟಿಮೀಟರ್ ಇದೆಯೆಂದೂ, ಕರುಳಿನ ಕಡೆಯಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ರಕ್ತನಾಳದೊಳಕ್ಕೆ ಗೆಡ್ಡೆ ಬೆಳೆದಿದೆಯೆಂದೂ ಬರೆದಿದ್ದಾರೆ. ಹೆಪಟೈಟಿಸ್ ಬಿ ಇರುವುದೂ ಈಗಲೇ ಗೊತ್ತಾಯಿತು. ಬಿಲಿರುಬಿನ್ 2.4, ಆಲ್ಬುಮಿನ್ 2.9, ಐ.ಎನ್.ಆರ್. 1.4, ಹೊಟ್ಟೆಯಲ್ಲಿ ಸ್ವಲ್ಪ ನೀರು. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ, ಯಕೃತ್ತಿನ ಕಸಿಯೂ ಆಗುವುದಿಲ್ಲ, ಇನ್ನು ಪ್ಯಾಲಿಯೇಟಿವ್ ಎಂದು ಹೇಳಿ ಕಳುಹಿಸಿದರು. ಆ ಪದದ ಅರ್ಥವನ್ನು ನಿಂತು ಕೇಳುವಷ್ಟು ಸಮಯ ನಮಗೆ ಸಿಗಲಿಲ್ಲ.

ಇನ್ನೇನೂ ಮಾಡಲಾಗದು ಎಂಬುದೇ ಅದರ ಅರ್ಥವೇ? ಗೆಡ್ಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯನ್ನೇ ಮಾಡದೆ ಕ್ಯಾನ್ಸರ್ ಎಂದು ಹೇಗೆ ನಿರ್ಧರಿಸಿದರು? ತಂದೆಯವರಿಗೆ ನಾವು ಇನ್ನೂ ವಿಷಯ ತಿಳಿಸಿಲ್ಲ. ಲಿವರ್‌ನಲ್ಲಿ ಊತವಿದೆ ಎಂದಷ್ಟೇ ಹೇಳಿದ್ದೇವೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಹಾಸನದ ವೈದ್ಯ

ತಮ್ಮ ತಂದೆಯವರನ್ನು ಕಣ್ಣಾರೆ ಪರೀಕ್ಷಿಸದೆ ನಾನು ಔಷಧವನ್ನು ಸೂಚಿಸಲಾರೆ. ಆದರೆ ಮುಂದಿನ ಭೇಟಿಯಲ್ಲಿ ತಾವು ಏನನ್ನು ಕೇಳಬೇಕೆಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪ್ಯಾಲಿಯೇಟಿವ್ ಎಂದರೆ ಇನ್ನೇನೂ ಮಾಡಲಾಗದು ಎಂದಲ್ಲ; ರೋಗ ಪೂರ್ತಿ ಗುಣವಾಗದಿದ್ದರೂ ನೋವು, ಬಾಧೆಗಳನ್ನು ತಗ್ಗಿಸಿ ರೋಗಿಯನ್ನು ನೆಮ್ಮದಿಯಿಂದ ಇಡುವ ಚಿಕಿತ್ಸೆ. ಬಯಾಪ್ಸಿಯ ಸಂದೇಹವನ್ನು ಮೊದಲು ಬಿಡಿ. ಯಕೃತ್ತು ಗಟ್ಟಿಯಾದ, ಅಂದರೆ ಸಿರೋಸಿಸ್ ಇರುವ ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇರುವ ರೋಗಿಯಲ್ಲಿ, ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು ಅದು ಹರಿಯುವಾಗ ತೆಗೆಯುವ ಮೂರು ಹಂತದ ಸಿ.ಟಿ.ಯಲ್ಲಿ ಗೆಡ್ಡೆಯು ಅಪಧಮನಿಯ ಹಂತದಲ್ಲಿ ಬೆಳಗಿ ನಂತರದ ಹಂತದಲ್ಲಿ ಸುತ್ತಲಿನ ಭಾಗಕ್ಕಿಂತ ಕಪ್ಪಾದರೆ ಸಾಮಾನ್ಯವಾಗಿ ಅಷ್ಟರಿಂದಲೇ ರೋಗವನ್ನು ನಿರ್ಣಯಿಸುತ್ತಾರೆ. ಅಂಥವರಿಗೆ ಸೂಜಿ ಚುಚ್ಚಿ ರಕ್ತಸ್ರಾವದ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯ ಬೀಳುವುದಿಲ್ಲ.

ಇನ್ನು ಚಿಕಿತ್ಸೆಯ ಮಾತು. ಈ ಒಂದು ಕ್ಯಾನ್ಸರಿನಲ್ಲಿ ರೋಗಿಗೆ ಎರಡು ಕಾಯಿಲೆಗಳಿರುತ್ತವೆ: ಒಂದು ಗೆಡ್ಡೆ, ಇನ್ನೊಂದು ಆ ಗೆಡ್ಡೆ ಹುಟ್ಟಿದ ಸೋತ ಯಕೃತ್ತು. ಮನೆಯವರೆಲ್ಲರೂ ಗೆಡ್ಡೆ ಎಷ್ಟು ಸೆಂಟಿಮೀಟರ್ ಎಂದು ಕೇಳುತ್ತಾರೆ. ಯಾವ ಚಿಕಿತ್ಸೆಯನ್ನು ದೇಹ ತಾಳಿಕೊಳ್ಳುತ್ತದೆ ಎಂಬುದನ್ನು ಬಹುಮಟ್ಟಿಗೆ ಉಳಿದ ಯಕೃತ್ತಿನ ಶಕ್ತಿಯೇ ತೀರ್ಮಾನಿಸುತ್ತದೆ. ಅದನ್ನು ಅಳೆಯಲು ಚೈಲ್ಡ್-ಪ್ಯೂ ಎಂಬ ಅಂಕಪದ್ಧತಿಯಿದೆ. ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ), ಆಲ್ಬುಮಿನ್ (ಯಕೃತ್ತು ತಯಾರಿಸುವ ಪ್ರೋಟೀನ್), ರಕ್ತ ಹೆಪ್ಪುಗಟ್ಟುವಿಕೆಯನ್ನು ಅಳೆಯುವ ಐ.ಎನ್.ಆರ್., ಹೊಟ್ಟೆಯ ನೀರು, ಮಿದುಳಿನ ಮಂಕು, ಈ ಐದಕ್ಕೂ 1ರಿಂದ 3 ಅಂಕ. 5-6 ಬಂದರೆ ಎ, 7ರಿಂದ 9 ಬಿ, 10ರಿಂದ 15 ಸಿ. ತಾವು ಕೊಟ್ಟ ಅಂಕಿಗಳಂತೆ, ಮಂಕು ಇಲ್ಲವೆಂದಿಟ್ಟುಕೊಂಡರೆ, 2, 2, 1, 2, 1 ಸೇರಿ 8 ಆಗುತ್ತದೆ, ಅಂದರೆ ಬಿ. ಗೆಡ್ಡೆಯ ಸ್ಥಿತಿ, ಈ ಅಂಕ, ರೋಗಿ ಎಷ್ಟು ಓಡಾಡುತ್ತಾರೆ ಎಂಬುದು, ಈ ಮೂರನ್ನೂ ಒಟ್ಟಿಗಿಟ್ಟು ನೋಡುವ ಬಾರ್ಸಿಲೋನಾ ವರ್ಗೀಕರಣವನ್ನು ಆಧರಿಸಿಯೇ ಹೆಚ್ಚಿನ ಆಸ್ಪತ್ರೆಗಳು ನಿರ್ಧಾರ ಕೈಗೊಳ್ಳುತ್ತವೆ.

ಒಂದು ಭರವಸೆಯ ಅಂಶವೂ ಇದೆ. ಈ ಅಂಕ ಕಲ್ಲಿನ ಮೇಲಿನ ಬರಹವಲ್ಲ. ಹೆಪಟೈಟಿಸ್ ಬಿ ವೈರಸ್ಸನ್ನು ಅಡಗಿಸುವ ಟೆನೋಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆಯನ್ನು ಇನ್ನೂ ಆರಂಭಿಸಿರದಿದ್ದರೆ ಅದರ ಬಗ್ಗೆ ನಾಳೆಯೇ ಕೇಳಿ. ವೈರಸ್ ಇಳಿದು, ಹೊಟ್ಟೆಯ ನೀರು ಔಷಧದಿಂದ ಹಿಡಿತಕ್ಕೆ ಬಂದರೆ ಕೆಲವರಲ್ಲಿ ಕೆಲವು ವಾರಗಳಲ್ಲೇ 8 ಇದ್ದದ್ದು 7ಕ್ಕೋ 6ಕ್ಕೋ ಇಳಿಯುತ್ತದೆ, ಆಗ ಇಂದು ಮುಚ್ಚಿರುವ ಬಾಗಿಲು ತೆರೆಯಬಹುದು.

ಚಿಕ್ಕಮಗಳೂರಿನ ಗೃಹಿಣಿ

ನಮ್ಮ ಯಜಮಾನರಿಗೂ ಇದೇ ಕಾಯಿಲೆಯಿತ್ತು. ಅವರಿಗೆ ಟೇಸ್ ಎಂಬ ಚಿಕಿತ್ಸೆಯನ್ನು ಎರಡು ಬಾರಿ ಮಾಡಿದರು. ತೊಡೆಯ ಸಂದಿನ ರಕ್ತನಾಳದ ಮೂಲಕ ತೆಳುವಾದ ಕೊಳವೆಯನ್ನು ಯಕೃತ್ತಿನವರೆಗೆ ತೂರಿಸಿ, ಗೆಡ್ಡೆಗೆ ರಕ್ತ ಕೊಡುವ ಕವಲಿಗೆ ಔಷಧವನ್ನು ಬಿಟ್ಟು, ಆ ಕವಲನ್ನೇ ಮುಚ್ಚುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ನಮಗೆ ಇದರಿಂದ ಹದಿನಾಲ್ಕು ತಿಂಗಳು ದೊರೆತವು. ಅದರಲ್ಲಿ ಹನ್ನೊಂದು ತಿಂಗಳು ಅವರು ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡಿದರು. ತಾವೂ ಅದನ್ನೊಮ್ಮೆ ಕೇಳಿ ನೋಡಿ.

ಒಂದು ಎಚ್ಚರಿಕೆ. ಮೊದಲ ಬಾರಿ ಮನೆಗೆ ಬಂದ ಮೇಲೆ ನಾಲ್ಕೈದು ದಿನ ಜ್ವರ, ಹೊಟ್ಟೆನೋವು, ವಾಕರಿಕೆ ಬಿಡಲೇ ಇಲ್ಲ. ಬಿಡುಗಡೆ ಮಾಡುವಾಗ ಯಾರೊಬ್ಬರೂ ಅದನ್ನು ಹೇಳಿರಲಿಲ್ಲ. ನಾನು ರಾತ್ರೋರಾತ್ರಿ ಕಾರು ಮಾಡಿಕೊಂಡು ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಅವರನ್ನು ಪುನಃ ಕರೆದುಕೊಂಡು ಹೋದೆ. ಗೆಡ್ಡೆ ಸಾಯುವಾಗ ಹಾಗಾಗುವುದು ಸಹಜವೆಂದು ಅಲ್ಲಿ ತಿಳಿಯಿತು. ಆ ಒಂದು ವಾಕ್ಯವನ್ನು ಮೊದಲೇ ಹೇಳಿದ್ದರೆ ಆ ರಾತ್ರಿಯ ಪ್ರಯಾಣದ ಹಿಂಸೆ ಅವರಿಗೆ ತಪ್ಪುತ್ತಿತ್ತು.

ಹಾಸನದ ವೈದ್ಯ

ತಾವು ಬರೆದದ್ದು ಅಕ್ಷರಶಃ ಸರಿ. ಆದರೆ ಮೂಡಿಗೆರೆಯ ಸ್ನೇಹಿತರ ತಂದೆಯವರಿಗೆ ಅದೇ ಚಿಕಿತ್ಸೆ ಒಗ್ಗಲಾರದೇಕೆಂದು ಹೇಳಬೇಕು. ಆರೋಗ್ಯವಂತ ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ನಾಳದಿಂದ ಬರುತ್ತದೆ. ಗೆಡ್ಡೆಯಾದರೋ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ಕುಡಿದು ಬೆಳೆಯುತ್ತದೆ. ಅಪಧಮನಿಯ ಕವಲನ್ನು ಮುಚ್ಚಿದಾಗ ಗೆಡ್ಡೆ ಉಪವಾಸ ಬೀಳುವುದೂ, ಯಕೃತ್ತು ಬದುಕಿಕೊಳ್ಳುವುದೂ ಇದರಿಂದಲೇ. ಗೆಡ್ಡೆಯು ಪೋರ್ಟಲ್ ನಾಳದ ಮುಖ್ಯ ಕಾಂಡವನ್ನೇ ಮುಚ್ಚಿದ್ದರೆ, ಅಪಧಮನಿಯನ್ನೂ ನಾವು ಮುಚ್ಚಿದಾಗ ಉಳಿದ ಯಕೃತ್ತಿಗೆ ಎರಡೂ ದಾರಿಗಳು ಇಲ್ಲವಾಗುತ್ತವೆ. ಆದ್ದರಿಂದ ಅಡಚಣೆ ಕಾಂಡದಲ್ಲಿದೆಯೋ ಕವಲಿನಲ್ಲಿದೆಯೋ ಎಂದು ಕೇಳಿಕೊಳ್ಳಿ. ಕವಲಿನಲ್ಲಿದ್ದರೂ ಅಂಕ 8 ಇರುವಾಗ ಅನುಭವಿಗಳು ಹಿಂಜರಿಯುತ್ತಾರೆ. ಇಟ್ರಿಯಂ-90 ಎಂಬ ವಿಕಿರಣದ ಕಣಗಳನ್ನು ಅದೇ ದಾರಿಯಲ್ಲಿ ಬಿಡುವ ವಿಧಾನವೂ ಇದೆ. ಅದು ದುಬಾರಿ, ಅದಕ್ಕೂ ಬಿಲಿರುಬಿನ್ ಕಡಿಮೆ ಇರಬೇಕು.

ಮಾತ್ರೆಗಳ ವಿಚಾರ. ಸೊರಾಫೆನಿಬ್ ಈ ಕ್ಯಾನ್ಸರಿನಲ್ಲಿ ಆಯುಷ್ಯವನ್ನು ಹೆಚ್ಚಿಸುತ್ತದೆಂದು ಸಾಬೀತಾದ ಮೊದಲ ಮಾತ್ರೆ. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಧ್ಯಮ ಬದುಕುಳಿವು, ಅಂದರೆ ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ, 7.9 ತಿಂಗಳಿನಿಂದ 10.7 ತಿಂಗಳಿಗೆ ಏರಿತು. ತಿಂಗಳಿಗೆ ಸುಮಾರು 2,80,000 ರೂಪಾಯಿ ಇದ್ದ ಈ ಔಷಧವನ್ನು, 2012ರಲ್ಲಿ ಭಾರತ ಸರ್ಕಾರದ ಪೇಟೆಂಟ್ ನಿಯಂತ್ರಕರು ದೇಶದ ಮೊದಲ ಕಡ್ಡಾಯ ಪರವಾನಗಿಯ (ಪೇಟೆಂಟ್ ಇರುವಾಗಲೇ ಬೇರೆ ಸಂಸ್ಥೆಗೆ ತಯಾರಿಸಲು ಸರ್ಕಾರ ಕೊಡುವ ಅನುಮತಿಯ) ಮೂಲಕ ಹೈದರಾಬಾದಿನ ನ್ಯಾಟ್ಕೋ ಸಂಸ್ಥೆಗೆ 8,800 ರೂಪಾಯಿಗೆ ಮಾರಲು ಬಿಟ್ಟುಕೊಟ್ಟರು. ನಮ್ಮಂಥ ಜಿಲ್ಲೆಗಳ ರೋಗಿಗಳಿಗೆ ಆ ಆದೇಶದಿಂದಾದ ಉಪಕಾರ ಸಣ್ಣದಲ್ಲ. 2018ರ ಅಧ್ಯಯನದಲ್ಲಿ ಲೆನ್ವಾಟಿನಿಬ್ ಅದಕ್ಕೆ ಸರಿಸಮವೆಂದು ಕಂಡುಬಂತು; 60 ಕಿಲೋಗಿಂತ ಕಡಿಮೆ ತೂಕದವರಿಗೆ ದಿನಕ್ಕೆ 8 ಮಿಲಿಗ್ರಾಂ, ಹೆಚ್ಚಿನವರಿಗೆ 12. ಅಟೆಜೊಲಿಜುಮಾಬ್ ಮತ್ತು ಬೆವಾಸಿಜುಮಾಬ್ ಎಂಬ ಎರಡು ಔಷಧಗಳನ್ನು ಡ್ರಿಪ್ಪಿನಲ್ಲಿ ಮೂರು ವಾರಕ್ಕೊಮ್ಮೆ ಕೊಡುವ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಚಿಕಿತ್ಸೆ, 2020ರಲ್ಲಿ ಬಂತು. ಸೊರಾಫೆನಿಬ್ ಪಡೆದವರ ಮಧ್ಯಮ ಬದುಕುಳಿವು 13.4 ತಿಂಗಳಾದರೆ ಇದನ್ನು ಪಡೆದವರದು 19.2 ತಿಂಗಳು. ಬೆವಾಸಿಜುಮಾಬ್ ರಕ್ತಸ್ರಾವವನ್ನು ಹೆಚ್ಚಿಸಬಲ್ಲದಾದ್ದರಿಂದ, ಅದಕ್ಕೆ ಮೊದಲು ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿವೆಯೇ ಎಂದು ಎಂಡೋಸ್ಕೋಪಿಯಿಂದ ನೋಡಲೇಬೇಕು.

ಈ ಅಧ್ಯಯನಗಳಿಗೆ ಸೇರಿಸಿಕೊಂಡ ರೋಗಿಗಳು ಹೆಚ್ಚುಕಡಿಮೆ ಎಲ್ಲರೂ ಚೈಲ್ಡ್-ಪ್ಯೂ ಎ ಆಗಿದ್ದರು. ಯಾರಾದರೂ ತಮ್ಮೆದುರು 19.2 ಎಂಬ ಅಂಕಿಯನ್ನು ಇಟ್ಟರೆ, ತಂದೆಯವರು ಆ ಗುಂಪಿಗೆ ಸೇರುತ್ತಾರೆಯೇ ಎಂದು ಕೇಳಬೇಕು.

ಬೇಲೂರಿನ ಓದುಗ

ವೈದ್ಯರ ಮಾತು ಸರಿಯಿರಬಹುದು. ಆದರೂ ಹೆತ್ತ ತಂದೆಗೆ ಮಗನಾದವನು ಲೆಕ್ಕ ಹಾಕುತ್ತಾ ಕೂರಬಾರದು. ಒಂದು ಎಕರೆ ಹೋದರೆ ಹೋಗಲಿ, ಇಮ್ಯುನೋಥೆರಪಿಯನ್ನೇ ಕೊಡಿಸಿ. ಜೊತೆಗೆ ನಮ್ಮ ಕಡೆ ಕಾಮಾಲೆಗೆ ನೆಲನೆಲ್ಲಿಯ ಔಷಧ ಕೊಡುವವರಿದ್ದಾರೆ. ಅಮೃತಬಳ್ಳಿಯ ಕಷಾಯವನ್ನೂ ಸೇರಿಸಿದರೆ ಲಿವರ್‌ಗೆ ಬಲ ಬರುತ್ತದೆ ಎನ್ನುತ್ತಾರೆ. ಪ್ರಯತ್ನಿಸುವುದರಲ್ಲಿ ನಷ್ಟವೇನಿದೆ?

ನಿವೃತ್ತ ಶುಶ್ರೂಷಕಿ, ಹಾಸನ

ಅಣ್ಣನವರೇ, ತಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ನಷ್ಟವಿದೆ. ಅಮೃತಬಳ್ಳಿಯಿಂದಲೇ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಕೋವಿಡ್ ಕಾಲದ ನಂತರ ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಕಾಮಾಲೆಯ ನಾಟಿ ಔಷಧ ಕುಡಿದು, ಪಥ್ಯವೆಂದು ಹದಿನೈದು ದಿನ ಬರೀ ಗಂಜಿಯಲ್ಲಿದ್ದು, ಕೈಕಾಲು ಸೊರಗಿ ವಾರ್ಡಿಗೆ ಬಂದವರನ್ನು ನಾನು ಎಷ್ಟೋ ಮಂದಿ ನೋಡಿದ್ದೇನೆ. ಸೋತ ಯಕೃತ್ತಿನ ರೋಗಿಗೆ ಪ್ರೋಟೀನ್ ನಿಲ್ಲಿಸಬಾರದು. ಮೊಟ್ಟೆ, ಬೇಳೆ, ಮೊಸರು, ಮೊಳಕೆ ಕಾಳು ಎಲ್ಲವೂ ಬೇಕು. ಮಲಗುವ ಮುಂಚೆ ಸಣ್ಣದೊಂದು ಊಟ ಅಥವಾ ಒಂದು ಲೋಟ ರಾಗಿ ಅಂಬಲಿ ಕೊಡಿ. ರಾತ್ರಿಯ ದೀರ್ಘ ಉಪವಾಸ ಅವರ ಮಾಂಸಖಂಡವನ್ನು ಕರಗಿಸುತ್ತದೆ. ಕಡಿಮೆ ಮಾಡಬೇಕಾದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಒಣಮೀನನ್ನು ದೂರವಿಡಿ. ಹೊಟ್ಟೆಯ ನೀರಿಗೆ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಕೊಟ್ಟಿದ್ದರೆ, ರೋಗಿಗೆ ತಂಪೆಂದು ದಿನಾ ಎಳನೀರು ಕುಡಿಸಬೇಡಿ. ಆ ಮಾತ್ರೆ ಪೊಟ್ಯಾಸಿಯಂ ಏರಿಸುತ್ತದೆ, ಎಳನೀರಿನಲ್ಲಿಯೂ ಅದೇ ಇದೆ. ಕಾಫಿಯನ್ನು ಮಾತ್ರ ಕಿತ್ತುಕೊಳ್ಳಬೇಡಿ, ಅದರಿಂದ ಯಕೃತ್ತಿಗೆ ಕೇಡಿಲ್ಲ.

ಮೂಡಿಗೆರೆಯ ತಮ್ಮನವರಿಗೆ ಮುಖ್ಯವಾಗಿ ಹೇಳಬೇಕಾದ್ದು ನೋವಿನ ಬಗ್ಗೆ. ಅಂಗಡಿಯಲ್ಲಿ ಸಿಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಒಂದೂ ಕೊಡಬೇಡಿ. ಮೂತ್ರಪಿಂಡ ಕೆಡುತ್ತದೆ, ಹೊಟ್ಟೆಯೊಳಗೆ ರಕ್ತ ಸೋರುತ್ತದೆ. ಲಿವರ್‌ಗೆ ವಿಷವೆಂದು ಜನ ಹೆದರುವ ಪ್ಯಾರಸಿಟಮಾಲ್ ದಿನಕ್ಕೆ 2 ಗ್ರಾಂ ಮೀರದಂತೆ ಕೊಟ್ಟರೆ ಇವುಗಳಿಗಿಂತ ಎಷ್ಟೋ ಮೇಲು. ಅದಕ್ಕೂ ಬಗ್ಗದ ನೋವಿಗೆ ಮಾರ್ಫಿನ್ ಇದೆ. ಯಕೃತ್ತು ಅದನ್ನು ನಿಧಾನವಾಗಿ ಹೊರಹಾಕುವುದರಿಂದ ಕಡಿಮೆ ಪ್ರಮಾಣದಲ್ಲಿ, ಹೆಚ್ಚು ಗಂಟೆಗಳ ಅಂತರದಲ್ಲಿ ಕೊಡುತ್ತಾರೆ. ಕೆಲವರಿಗೆ ಫೆಂಟಾನಿಲ್ ಪಟ್ಟಿಯನ್ನು ಚರ್ಮಕ್ಕೆ ಅಂಟಿಸುತ್ತಾರೆ. ಪಟ್ಟಿ ಹಾಕಿಕೊಂಡವರು ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಬೆನ್ನು ಕಾಯಿಸುತ್ತಾ ಕೂರಬಾರದು, ಬಿಸಿನೀರಿನ ಚೀಲವನ್ನೂ ಇಡಬಾರದು. ಕಾವಿಗೆ ಔಷಧ ಒಮ್ಮೆಲೇ ಮೈಗೆ ಇಳಿದು ಉಸಿರಾಟ ಕುಂದಬಹುದು. ನಮ್ಮ ಮಲೆನಾಡಿನ ಮನೆಗಳಲ್ಲಿ ಇದನ್ನು ಒತ್ತಿ ಹೇಳಬೇಕು.

ಮಾರ್ಫಿನ್ ಎಲ್ಲ ಮೆಡಿಕಲ್ ಶಾಪುಗಳಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ನಂತರ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ಇಟ್ಟುಕೊಂಡು ರೋಗಿಗಳಿಗೆ ಕೊಡಬಹುದು. ತಮ್ಮ ಆಸ್ಪತ್ರೆಗೆ ಆ ಮಾನ್ಯತೆ ಇದೆಯೇ ಎಂದು ಮೊದಲೇ ವಿಚಾರಿಸಿಡಿ. ನೋವು ಬಂದ ರಾತ್ರಿ ಹುಡುಕಲು ಹೊರಟರೆ ಸಿಗುವುದಿಲ್ಲ.

ಮಾರ್ಫಿನ್ ಕೊಟ್ಟ ದಿನವೇ ಲ್ಯಾಕ್ಟುಲೋಸ್ ಸಿರಪ್ಪನ್ನೂ ಆರಂಭಿಸಬೇಕು, ದಿನಕ್ಕೆ ಎರಡು ಮೂರು ಬಾರಿ ಮೆತ್ತಗೆ ಮಲವಿಸರ್ಜನೆ ಆಗುವಂತೆ. ಮಲಬದ್ಧತೆಯಾದರೆ ಯಕೃತ್ತು ಶುದ್ಧಗೊಳಿಸಲಾರದ ನಂಜು ಮಿದುಳಿಗೆ ಏರುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ, ಸಹಿ ಕೆಡುವುದು, ಚಾಚಿದ ಕೈ ಹಕ್ಕಿಯ ರೆಕ್ಕೆಯಂತೆ ಬಡಿಯುವುದು ಇದರ ಲಕ್ಷಣಗಳು. ಇದನ್ನು ಗಾಳಿ ಸೋಕಿತೆಂದು ತಿಳಿದು ಯಂತ್ರ ಕಟ್ಟಿಸಲು ಹೋದ ಮನೆಗಳಿವೆ. ನಿದ್ದೆ ಬರಲೆಂದು ನಿದ್ರೆಮಾತ್ರೆ ಕೊಟ್ಟರಂತೂ ಸ್ಥಿತಿ ಇನ್ನೂ ಕೆಡುತ್ತದೆ.

ಕೊನೆಯ ಮಾತು ತಮಗೆ ಹಿಡಿಸದಿರಬಹುದು. ತಂದೆಯವರಿಗೆ ತಿಳಿಸಿ. ಎಕರೆ ಮಾರಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ನಮ್ಮ ನಮ್ಮಲ್ಲೇ ನಡೆಯುತ್ತಿದೆ. ಆ ಎಕರೆಯೂ ಅವರದು, ಆ ದೇಹವೂ ಅವರದು.

ಮೂಡಿಗೆರೆಯ ಮಗ (ಹತ್ತು ದಿನಗಳ ನಂತರ)

ತಾವೆಲ್ಲರೂ ಬರೆದದ್ದನ್ನು ಕಾಗದದ ಮೇಲೆ ಇಳಿಸಿಕೊಂಡು ಹೋಗಿದ್ದೆ. ಅಡಚಣೆ ಪೋರ್ಟಲ್ ನಾಳದ ಬಲ ಕವಲಿನಲ್ಲಿದೆ, ಕಾಂಡಕ್ಕೆ ಇನ್ನೂ ತಲುಪಿಲ್ಲ ಎಂದರು. ಟೆನೋಫೊವಿರ್ ಶುರುವಾಗಿದೆ. ಅಂಕ 8 ಎಂದು ನಾನು ಹೇಳಿದಾಗ ವೈದ್ಯರು ಕುರ್ಚಿ ಎಳೆದುಕೊಂಡು ಕುಳಿತು ಇಪ್ಪತ್ತು ನಿಮಿಷ ಮಾತನಾಡಿದರು.

ತಂದೆಯವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರೇ ಕೇಳಿದರು. ಕಣದಲ್ಲಿ ಕುಳಿತಿದ್ದಾಗ, "ನಂಗೇನಾಗಿದೆ ಅಂತ ಊರಿಗೆಲ್ಲ ಗೊತ್ತು, ನಂಗೊಬ್ಬನಿಗೆ ಗೊತ್ತಿಲ್ಲ ಅಲ್ವೇನೋ" ಎಂದರು. ಆಗ ಎಲ್ಲವನ್ನೂ ಹೇಳಿದೆ. ಅವರು ಅಳಲಿಲ್ಲ. ಬಹಳ ಹೊತ್ತಿನ ಮೇಲೆ, ತೋಟ ಮಾರಬಾರದು, ಈ ಸಲದ ಕಾಫಿ ಕೊಯ್ಲನ್ನು ತಾವು ನೋಡಬೇಕು, ನೋವು ಇರಬಾರದು, ಆಸ್ಪತ್ರೆಯಲ್ಲಿ ಸಾಯಬಾರದು ಎಂದು ನಾಲ್ಕು ಮಾತು ಹೇಳಿದರು. ಈ ನಾಲ್ಕನ್ನು ಕೇಳಿದ ಮೇಲೆ ವೈದ್ಯರು ಸೊರಾಫೆನಿಬ್ಬನ್ನು ಅರ್ಧ ಪ್ರಮಾಣದಲ್ಲಿ ಕೊಟ್ಟು ನೋಡೋಣ, ತಾಳಿಕೊಳ್ಳದಿದ್ದರೆ ನಿಲ್ಲಿಸೋಣ ಎಂದಿದ್ದಾರೆ.

ಖರ್ಚಿನ ಬಗ್ಗೆ ಬಲ್ಲವರು ತಿಳಿಸಿ. ನಮ್ಮದು ಬಿ.ಪಿ.ಎಲ್. ಕಾರ್ಡು.

ಚಿಕ್ಕಮಗಳೂರಿನ ಗೃಹಿಣಿ

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶವಿದೆ. ಎ.ಪಿ.ಎಲ್. ಕುಟುಂಬವಾದರೆ ವೆಚ್ಚದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲು ಮಾಡಿಸಿ, ಅದಿಲ್ಲದೆ ಬೆಂಗಳೂರಿಗೆ ಹೋಗಿ ನಾವು ಒಂದು ದಿನ ಸುಮ್ಮನೆ ಕಳೆದೆವು. ಕಿದ್ವಾಯಿ ಆಸ್ಪತ್ರೆಗೆ ರೈಲಿನಲ್ಲಿ ಹೋಗುವುದಾದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿ, ಜೊತೆಗಾರರಿಗೆ ಶೇಕಡಾ 75. ಅದರ ನಮೂನೆಗೆ ಆಸ್ಪತ್ರೆಯಲ್ಲಿ ಸಹಿ ಹಾಕಿಸಬೇಕು.

ಸೊರಾಫೆನಿಬ್ ಶುರುವಾದ ಮೇಲೆ ಅಂಗೈ, ಅಂಗಾಲಿನ ಚರ್ಮ ಕೆಂಪಾಗಿ ಸುಲಿಯುತ್ತದೆ. ತೋಟದಲ್ಲಿ ಬರಿಗಾಲಿನಲ್ಲಿ ನಡೆಯಲು ಬಿಡಬೇಡಿ. ಯೂರಿಯಾ ಇರುವ ಕ್ರೀಮನ್ನು ಚರ್ಮ ಬಿರಿಯುವ ಮೊದಲೇ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿಸಿ. ಬಿ.ಪಿ.ಯನ್ನು ವಾರಕ್ಕೊಮ್ಮೆ ನೋಡಿಸಿ.

ಮೂಡಿಗೆರೆಯ ಮಗ (ಡಿಸೆಂಬರ್)

ಆರು ವಾರಗಳ ನಂತರ ಸೊರಾಫೆನಿಬ್ಬನ್ನು ನಿಲ್ಲಿಸಿದೆವು. ಭೇದಿ ಹಿಡಿತಕ್ಕೆ ಬರಲಿಲ್ಲ, ತೂಕ ನಾಲ್ಕು ಕಿಲೋ ಇಳಿಯಿತು, ಬಿಲಿರುಬಿನ್ 3.6ಕ್ಕೆ ಹೋಯಿತು. ನಿಲ್ಲಿಸುವ ನಿರ್ಧಾರ ತಂದೆಯವರದೇ. ನನಗೆ ಸೋತಂತೆ ಅನಿಸಿತು. ಆದರೆ ನಿಲ್ಲಿಸಿದ ಹತ್ತನೆಯ ದಿನ ಅವರು ತಾವಾಗಿಯೇ ಅಕ್ಕಿರೊಟ್ಟಿ ಕೇಳಿ ತಿಂದರು.

ಬಲ ಪಕ್ಕೆಯ ನೋವು ಮಾರ್ಫಿನ್‌ಗೂ ಪೂರ್ತಿ ಬಗ್ಗದಿದ್ದಾಗ, ಬೆಂಗಳೂರಿನಲ್ಲಿ ಯಕೃತ್ತಿಗೆ ಒಂದೇ ಒಂದು ಬಾರಿ 8 ಗ್ರೇ ಪ್ರಮಾಣದ ವಿಕಿರಣವನ್ನು ಕೊಟ್ಟರು. ಗೆಡ್ಡೆ ಕರಗಿಸಲು ಅಲ್ಲ, ನೋವಿಗೆ ಮಾತ್ರ ಎಂದು ಸ್ಪಷ್ಟವಾಗಿ ಹೇಳಿದರು. ಆ ರಾತ್ರಿ ವಾಕರಿಕೆ ಇತ್ತು. ಮೂರನೆಯ ವಾರಕ್ಕೆ ನೋವು ಅರ್ಧಕ್ಕಿಂತ ಕಡಿಮೆಯಾಗಿದೆ. ಈಗ ಅವರು ಬೆಳಿಗ್ಗೆ ಕಣದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು ಹಣ್ಣು ಒಣಗಿಸುವುದನ್ನು ನೋಡುತ್ತಾರೆ. ಹೊಟ್ಟೆಯ ನೀರು ಮಾತ್ರ ಮತ್ತೆ ಮತ್ತೆ ತುಂಬುತ್ತಿದೆ. ಹದಿನೈದು ದಿನಕ್ಕೊಮ್ಮೆ ತೆಗೆಸಬೇಕಾಗಿದೆ. ಇದಕ್ಕೆ ಕೊನೆಯಿಲ್ಲವೇ?

ನಿವೃತ್ತ ಶುಶ್ರೂಷಕಿ, ಹಾಸನ

ನೀರು ತೆಗೆಸುವುದು ಸೋಲಲ್ಲ, ಅವರಿಗೆ ಉಸಿರಾಡಲು, ಉಣ್ಣಲು ಜಾಗ ಮಾಡಿಕೊಡುವುದು. ಒಮ್ಮೆಗೆ 5 ಲೀಟರಿಗಿಂತ ಹೆಚ್ಚು ತೆಗೆದರೆ, ಲೀಟರಿಗೆ 6ರಿಂದ 8 ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಏರಿಸುವ ಕ್ರಮವಿದೆ, ಇಲ್ಲವಾದರೆ ಬಿ.ಪಿ. ಕುಸಿದು ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ. ಪ್ರಯಾಣವೇ ಹಿಂಸೆಯಾದಾಗ, ಹೊಟ್ಟೆಯಲ್ಲಿ ಕಾಯಂ ಆಗಿ ಸಣ್ಣ ಕೊಳವೆಯನ್ನಿಟ್ಟು ಮನೆಯಲ್ಲೇ ಸ್ವಲ್ಪ ಸ್ವಲ್ಪ ನೀರು ಬಿಡುವ ವ್ಯವಸ್ಥೆಯನ್ನೂ ಮಾಡುತ್ತಾರೆ. ಸೋಂಕಿನ ಭಯವಿರುವುದರಿಂದ ಕೈ ಶುದ್ಧಿಯಲ್ಲಿ ಕಟ್ಟುನಿಟ್ಟು ಬೇಕು. ನೀರಿನ ಬಣ್ಣ ಮಬ್ಬಾದರೆ, ಜ್ವರ ಬಂದರೆ, ತಡಮಾಡದೆ ತಿಳಿಸಬೇಕು.

ಇನ್ನೊಂದನ್ನು ಈಗಲೇ ಸಿದ್ಧಪಡಿಸಿಟ್ಟುಕೊಳ್ಳಿ, ತಮ್ಮ. ಈ ಕಾಯಿಲೆಯಲ್ಲಿ ಒಮ್ಮೊಮ್ಮೆ ರಕ್ತವಾಂತಿಯಾಗುತ್ತದೆ. ಮನೆಯಲ್ಲೇ ಇರಬೇಕೆಂಬುದು ಅವರ ಇಚ್ಛೆಯಾದ್ದರಿಂದ, ಅಂಥ ಸಮಯದಲ್ಲಿ ಆಂಬುಲೆನ್ಸ್ ಕರೆಯಬೇಕೋ ಬೇಡವೋ ಎಂದು ಅವರೊಂದಿಗೇ ಮಾತನಾಡಿಡಿ. ಹಾಸಿಗೆಯ ಬಳಿ ಕಡು ಕೆಂಪು ಅಥವಾ ಕಂದು ಬಣ್ಣದ ಎರಡು ದೊಡ್ಡ ಟವೆಲ್‌ಗಳಿರಲಿ. ಬಿಳಿಯ ಬಟ್ಟೆಯ ಮೇಲೆ ಕಾಣುವ ರಕ್ತ ರೋಗಿಯನ್ನೂ ತಮ್ಮ ತಾಯಿಯವರನ್ನೂ ಹೆದರಿಸುತ್ತದೆ. ಆ ಹೊತ್ತಿನಲ್ಲಿ ಕೊಡಬೇಕಾದ ಔಷಧವನ್ನು ವೈದ್ಯರಿಂದ ಬರೆಸಿಕೊಂಡು ಇಟ್ಟುಕೊಳ್ಳಿ. ಮನೆಯಲ್ಲಿ ನೋಡಿಕೊಳ್ಳುವುದು ಕೈಮೀರಿದರೆ ಬೆಂಗಳೂರಿನ ಕರುಣಾಶ್ರಯದಲ್ಲಿ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ಅಲ್ಲಿಗೆ ಕಳುಹಿಸಿದರೆ ಕೈಬಿಟ್ಟಂತೆ ಎಂದು ಭಾವಿಸಬೇಡಿ.

ಬೇಲೂರಿನ ಓದುಗ

ನಾನು ಮೊದಲು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಮ್ಮ ಅತ್ತೆಯವರಿಗೆ ಈಗ ಅಮೃತಬಳ್ಳಿಯ ಕಷಾಯ ನಿಲ್ಲಿಸಿದ್ದೇವೆ. ಕೊಯ್ಲಿಗೆ ಆಳು ಬೇಕಿದ್ದರೆ ತಿಳಿಸಿ, ಭಾನುವಾರಗಳಂದು ನಾನೂ ನನ್ನ ತಮ್ಮನೂ ಬರುತ್ತೇವೆ.

ಮೂಡಿಗೆರೆಯ ಮಗ (ಮಾರ್ಚ್)

ತಂದೆಯವರು ಫೆಬ್ರವರಿ ಕೊನೆಯಲ್ಲಿ ಮನೆಯಲ್ಲೇ ತೀರಿಕೊಂಡರು. ಕೊಯ್ಲು ಮುಗಿದಿತ್ತು. ಕೊನೆಯ ನಾಲ್ಕು ದಿನ ಮಂಕು ಕವಿದಿತ್ತು, ನೋವಿರಲಿಲ್ಲ. ರಕ್ತವಾಂತಿಯಾಗಲಿಲ್ಲ, ಟವೆಲ್‌ಗಳು ಮಡಿಸಿದಂತೆಯೇ ಉಳಿದವು. ಬೇಲೂರಿನ ಅಣ್ಣತಮ್ಮಂದಿರು ಮೂರು ಭಾನುವಾರ ಬಂದು ಹಣ್ಣು ಬಿಡಿಸಿಕೊಟ್ಟರು. ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಿ ಸಹಿ ಪಡೆದಿದ್ದೇನೆ.

ಹೆಪಟೈಟಿಸ್ ಬಿ ಒಂದೇ ತಾಯಿಯ ಮಕ್ಕಳಲ್ಲಿ ಇರಬಹುದೆಂದು ವೈದ್ಯರು ಒತ್ತಾಯಿಸಿದ್ದರಿಂದ ಮನೆಯವರೆಲ್ಲರೂ ರಕ್ತ ಪರೀಕ್ಷೆ ಮಾಡಿಸಿಕೊಂಡೆವು. ಯಾವ ತೊಂದರೆಯೂ ಕಾಣದ ನಮ್ಮ ಚಿಕ್ಕಪ್ಪನವರಿಗೆ ಪಾಸಿಟಿವ್ ಬಂದಿದೆ. ಸ್ಕ್ಯಾನಿನಲ್ಲಿ ಗೆಡ್ಡೆಯಿಲ್ಲ, ಇನ್ನು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕೆಂದಿದ್ದಾರೆ. ನಾನು, ತಾಯಿ, ತಂಗಿ ನೆಗೆಟಿವ್. ಲಸಿಕೆಯ ಮೊದಲ ಡೋಸ್ ಆಗಿದೆ, ಎರಡನೆಯದು ಮುಂದಿನ ತಿಂಗಳು, ಮೂರನೆಯದು ಮೊದಲಿನದಕ್ಕೆ ಆರು ತಿಂಗಳಾದಾಗ.

ಮಡಚುವ ಕಬ್ಬಿಣದ ಆಸ್ಪತ್ರೆ ಮಂಚ ಮತ್ತು ಗಾಳಿ ತುಂಬುವ ಹಾಸಿಗೆ ನಮ್ಮಲ್ಲಿವೆ. ಚಿಕ್ಕಮಗಳೂರು, ಬೇಲೂರು, ಸಕಲೇಶಪುರದ ಕಡೆ ಯಾರಿಗಾದರೂ ಬೇಕಿದ್ದರೆ ಇಲ್ಲಿಯೇ ಬರೆಯಿರಿ, ನಾನೇ ಜೀಪಿನಲ್ಲಿ ತಂದುಕೊಡುತ್ತೇನೆ.